ಕ್ಯಾನಿನ ಹಾಲು

ಜನವರಿ ೮, ೨೦೨೫

ಇವತ್ತು ಕೇಂದ್ರದ ಬೋರ್ಡಿಗೆ ಹೊಸ ಬಣ್ಣ ಹೊಡೆಸಿದರು. ‘ನೆಲ-ಜಲ ಅಧ್ಯಯನ ಕೇಂದ್ರ, ಉರಿಗಾಂ. ಸ್ವತಂತ್ರ, ಲಾಭರಹಿತ ಸಂಶೋಧನಾ ಸಂಸ್ಥೆ. ರಾಜ್ಯ ಸರ್ಕಾರದಿಂದ ಅನುದಾನಿತ.’ ಪೇಂಟರ್ ಅಂದಾಜು ತಪ್ಪಿ ‘ಸ್ವತಂತ್ರ’ವನ್ನು ಮೂಲೆಗೆ ತುರುಕಿ ‘ಸರ್ಕಾರ’ವನ್ನು ಬೋರ್ಡಿನ ತುಂಬ ಬರೆದಿದ್ದಾನೆ. ನಾನು ಜೋರಾಗಿ ನಕ್ಕುಬಿಟ್ಟೆ. ನಿರ್ದೇಶಕರಿಗೆ ಹಿಡಿಸಲಿಲ್ಲ.

ನಿರ್ದೇಶಕ ರಾಮಚಂದ್ರಪ್ಪ ಸಾರ್‌ಗೆ ಆ ಬೋರ್ಡೆಂದರೆ ದೇವರ ಪಟ. ಚಿನ್ನದ ಗಣಿ ಮುಚ್ಚಿದ ಮೇಲೆ, ಗಣಿ ಸಾಹೇಬರಿದ್ದ ಈ ಹಳೆಯ ಬಂಗಲೆಯನ್ನು ಅವರಿವರ ಕೈಕಾಲು ಹಿಡಿದು ಪಡೆದು ಕೇಂದ್ರ ಕಟ್ಟಿದವರು ಅವರೇ. ಕಂಪನಿಯ ದುಡ್ಡು ಮುಟ್ಟಿದರೆ ಕಂಪನಿಯ ಮಾತು ಆಡಬೇಕಾಗುತ್ತದೆ, ಸರ್ಕಾರದ ದುಡ್ಡು ಜನರ ದುಡ್ಡು, ಅದಕ್ಕೆ ಯಜಮಾನರಿಲ್ಲ ಎಂದು ನಾನು ಕೆಲಸಕ್ಕೆ ಸೇರಿದ ದಿನದಿಂದ ಪಾಠ ಹೇಳುತ್ತಿದ್ದಾರೆ. ಯಜಮಾನರಿಲ್ಲ ಸರಿ. ಆದರೆ ಅನುದಾನ ಕೊಡುವ ಇಲಾಖೆಯ ಕಾರು ಗೇಟಿನೊಳಗೆ ಬಂದರೆ ಸಾಕು, ಸಾರ್ ಪೋರ್ಟಿಕೋಗೆ ಬಂದು ಕೈಕಟ್ಟಿ ನಿಲ್ಲುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಇಲಾಖೆಯಿಂದ ಹೊಸ ಕೆಲಸ ಬಂದಿದೆ. ಮಾವಿಕುಂಟೆಯ ಹಾಲು ಪರೀಕ್ಷಿಸಬೇಕು. ಚಿನ್ನ ತೆಗೆದು ಎಸೆದ ಮಣ್ಣು ಬೆಟ್ಟವಾಗಿ ಬಿದ್ದಿದೆಯಲ್ಲ, ಜನ ಸೈನೈಡ್ ದಿಬ್ಬ ಅನ್ನುತ್ತಾರಲ್ಲ, ಅಂಥದ್ದೊಂದರ ಬುಡದಲ್ಲೇ ಇರುವ ಊರು. ದಿಬ್ಬದ ಸುತ್ತಲಿನ ಜಾಗದಲ್ಲಿ ಕಾರ್ಖಾನೆಯ ಶೆಡ್‌ಗಳು ಏಳಲಿವೆಯಂತೆ. ಅದಕ್ಕೆ ಮೊದಲು ಆ ಊರಿನ ಹಾಲಿಗೆ, ನೀರಿಗೆ ಏನೂ ತೊಂದರೆಯಿಲ್ಲ ಎಂದು ಒಂದು ಸ್ವತಂತ್ರ ಸಂಸ್ಥೆ ಹೇಳಬೇಕಂತೆ. ಪರೀಕ್ಷೆ ಮಾಡಿದ ಮೇಲೆ ಹೇಳಬೇಕೋ ಮೊದಲೇ ಹೇಳಬೇಕೋ ಎಂದು ಕೇಳಿದೆ. ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು.

ಜನವರಿ ೧೭

ಮಾವಿಕುಂಟೆಗೆ ಹೋಗಿ ಬಂದೆವು, ನಾನು ಮತ್ತು ಚಂದನ. ಈ ಹುಡುಗಿ ಕೆಲಸಕ್ಕೆ ಸೇರಿ ವರ್ಷವಾಗಿಲ್ಲ, ಆದರೆ ಹಳ್ಳಿಯವಳಾದ್ದರಿಂದ ಹಸುವಿನ ಹತ್ತಿರ ಹೆದರದೆ ಹೋಗುತ್ತಾಳೆ. ಸಂಕ್ರಾಂತಿಯ ಬಣ್ಣ ಕೊಂಬುಗಳ ಮೇಲೆ ಇನ್ನೂ ಇತ್ತು. ಮೇಲಿನ ಕೇರಿಯವರಿಗೆ ಬೋರ್‌ವೆಲ್ ಇದೆ, ಹುಲ್ಲು ಬೆಳೆದು ಕತ್ತರಿಸಿ ಹಾಕುತ್ತಾರೆ. ದಿಬ್ಬಕ್ಕೆ ಒತ್ತಿಕೊಂಡು ಆರು ಮನೆಗಳಿವೆ. ಅವರಿಗೆ ಜಮೀನಿಲ್ಲ. ಹಸು ದಿಬ್ಬದ ಬುಡದಲ್ಲಿ ಮೇಯುತ್ತದೆ, ದಿಬ್ಬದಿಂದ ಇಳಿದ ನೀರು ನಿಲ್ಲುವ ಕುಂಟೆಯಲ್ಲಿ ಕುಡಿಯುತ್ತದೆ. ಹಾಗಾಗಿ ಪ್ರತಿ ಮನೆಯ ಹಾಲನ್ನೂ ಬೇರೆ ಬೇರೆಯಾಗಿಯೇ ತೆಗೆದುಕೊಳ್ಳಬೇಕೆಂದು ನಾನು ಹಟ ಹಿಡಿದೆ. ಚಂದನ ಒಂದೊಂದು ಬಾಟಲಿಗೂ ಚೀಟಿ ಅಂಟಿಸಿದಳು.

ಆ ಸಾಲಿನ ಕೊನೆಯ ಮನೆ ಚಿಕ್ಕವೆಂಕಟಮ್ಮನದು. ಟೊಮೆಟೊ ಕೀಳಲು, ಕಳೆ ತೆಗೆಯಲು ಕೂಲಿಗೆ ಹೋಗುತ್ತಾಳೆ. ಮಗಳು ಬೆಳಗಿನ ಟ್ರೈನಿಗೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದರೆ ಬರುವಾಗ ಕತ್ತಲಾಗಿರುತ್ತದೆ. ಮೊಮ್ಮಗಳು ಲಿಖಿತ, ಹಸು, ಎರಡೂ ಅಜ್ಜಿಯ ಪಾಲು. ಹಸುವನ್ನು ತೆಲುಗಿನಲ್ಲಿ ಬೈಯುತ್ತಾಳೆ, ಕನ್ನಡದಲ್ಲಿ ಮುದ್ದಿಸುತ್ತಾಳೆ. ಕರೆದ ಹಾಲಲ್ಲಿ ಮೊದಲ ಲೋಟ ಮಗುವಿಗೆ, ಉಳಿದದ್ದು ಡೈರಿಗೆ. ಅಂಗನವಾಡಿಗೆ ಹೋಗುವ ಮಗು, ಆದರೆ ಇನ್ನೂ ಎರಡು ಮಾತು ಸೇರಿಸಿ ಆಡುವುದಿಲ್ಲ. ಆಡದಿದ್ದರೂ ನನ್ನ ಸೆರಗು ಹಿಡಿದುಕೊಂಡು ಮನೆಯೆಲ್ಲ ತೋರಿಸಿತು. ನನಗೆ ಬಹಳ ಹಿಡಿಸಿತು.

ಫೆಬ್ರವರಿ ೬

ಹಾಲಿನಲ್ಲಿ ಸೀಸ ಇದೆ.

ಆರು ಮನೆಯ ಹಾಲಿನಲ್ಲೂ ಇದೆ, ಇರಬೇಕಾದ ಮಿತಿಗಿಂತ ಎಷ್ಟೋ ಪಟ್ಟು. ಯಂತ್ರದ ತಪ್ಪಿರಬಹುದೆಂದು ತೊಳೆದು, ಒಣಗಿಸಿ, ಮತ್ತೆ ಓಡಿಸಿದೆ. ಅದೇ ಬಂತು. ಎಲ್ಲಕ್ಕಿಂತ ಹೆಚ್ಚು ಇರುವುದು ಚಿಕ್ಕವೆಂಕಟಮ್ಮನ ಮನೆಯ ಹಾಲಿನಲ್ಲಿ. ದೊಡ್ಡವರ ಮೈ ಹೇಗೋ ತಡೆದುಕೊಳ್ಳುತ್ತದೆ. ಸಣ್ಣ ಮಕ್ಕಳ ತಲೆಗೆ ಹತ್ತಿದರೆ ಅದು ಇಳಿಯುವುದಿಲ್ಲ.

ವರದಿ ಹೊರಬರುವವರೆಗೆ ಯಾರಿಗೂ ಹೇಳಬಾರದು ಅಂತ ಕೇಂದ್ರದ ನಿಯಮ. ನಿಯಮ ಹಾಳಾಗಿಹೋಗಲಿ ಎಂದು ಸಂಜೆಯೇ ಆಟೋ ಹಿಡಿದು ಹೋದೆ. ಅಜ್ಜಿ ಹಾಲು ಕರೆದು ಆಗಷ್ಟೇ ಎದ್ದಿದ್ದಳು. ಮಗುವಿಗೆ ಕೊಡಬೇಡಿ ಅಮ್ಮ, ಇದರಲ್ಲಿ ಕಣ್ಣಿಗೆ ಕಾಣದ ವಿಷ ಇದೆ, ದಿಬ್ಬದಿಂದ ಬಂದದ್ದು ಎಂದೆ.

“ನೊರೆ ನೋಡಿ ತಾಯಿ, ಎಂಗೈತೆ,” ಎಂದಳು. ಆಮೇಲೆ ನನ್ನ ಮುಖ ನೋಡಿದಳು. “ಓದಿರೋರು, ಇಷ್ಟ್ ದೂರ ಬಂದು ಸುಳ್ಳೇಳ್ತೀರಾ. ಆಗ್ಲಿ. ನಾಳಿಂದ ಅಂಗಡಿ ಆಲು ತತ್ತೀನಿ.”

ಮಗುವಿನ ಕೈಯಲ್ಲಿದ್ದ ಲೋಟವನ್ನು ಕಿತ್ತುಕೊಂಡಳು. ಮಗು ಅತ್ತಿತು. ಡೈರಿಗೆ ಹಾಕುವುದನ್ನು ನಿಲ್ಲಿಸಬೇಕಾ ಎಂದು ಕೇಳಿದಳು. ಅಲ್ಲಿ ಊರಿನವರದೆಲ್ಲ ಸೇರುತ್ತದೆ, ಸದ್ಯಕ್ಕೆ ಹಾಕಿ, ವರದಿ ಬಂದಮೇಲೆ ಸರ್ಕಾರವೇ ಏನಾದರೂ ಮಾಡುತ್ತದೆ ಎಂದೆ. ಬೇರೆ ಐದು ಮನೆಯವರೂ ಕೂಲಿಯಿಂದ ಬಂದಿರಲಿಲ್ಲ. ಅವರಿಗೆ ಇನ್ನೊಮ್ಮೆ ಹೋಗಿ ಹೇಳಬೇಕು.

ಫೆಬ್ರವರಿ ೧೨

ವರದಿಯ ಕರಡನ್ನು ಸಾರ್ ಮುಂದಿಟ್ಟೆ. ಮೊದಲ ವಾಕ್ಯವೇ ‘ಹಾಲಿನಲ್ಲಿ ಸೀಸ ಇದೆ’. ಸುತ್ತಿ ಬಳಸಿ ಬರೆಯುವ ಜಾಯಮಾನ ನನ್ನದಲ್ಲ. ಪೂರ್ತಿ ಓದಿದರು, ನೀರು ಕುಡಿದರು, ಇಟ್ಟುಹೋಗಿ ಎಂದರು. ಬಗ್ಗುತ್ತಾರೆ. ನನಗೆ ಚೆನ್ನಾಗಿ ಗೊತ್ತು. ‘ಇದೆ’ಯನ್ನು ‘ಇರಬಹುದು’ ಮಾಡಿಸಿ, ‘ಸೀಸ’ವನ್ನು ‘ಲೋಹಾಂಶ’ ಮಾಡಿಸಿ, ಕೊನೆಗೆ ಹಾಲನ್ನೂ ತೆಗೆಸಿಬಿಡುತ್ತಾರೆ.

ರಾತ್ರಿ ಊಟಕ್ಕೆ ಕೂತಾಗ ವೇಣುವಿಗೆ ಹೇಳಿದೆ. ಟೈಲ್ಸ್ ಅಂಗಡಿ ನಡೆಸುವ ನನ್ನ ಗಂಡನಿಗೆ ಎಲ್ಲದರಲ್ಲೂ ಗಿರಾಕಿಯೇ ಕಾಣುವುದು. ವರದಿಗೆ ದುಡ್ಡು ಕೊಡುವವರು ಯಾರೋ ಅವರೇ ತಾನೇ ಗಿರಾಕಿ, ಗಿರಾಕಿಗೆ ಬೇಡದ ಬಣ್ಣ ತೋರಿಸುತ್ತೀಯಲ್ಲ ಎಂದ. ತಟ್ಟೆ ಬಿಟ್ಟು ಎದ್ದುಹೋದೆ.

ಫೆಬ್ರವರಿ ೨೪

ಇಲಾಖೆಯ ಜಂಟಿ ನಿರ್ದೇಶಕ ಸುಧಾಕರ್ ಬಂದಿದ್ದರು. ಕರಡು ಅವರಿಗೆ ಹೇಗೆ ಸಿಕ್ಕಿತೋ, ಸಾರ್ ಕಳಿಸಿದರೋ, ಕೇಳಲಿಲ್ಲ. ಜಗಳಕ್ಕೆ ಬರುವವರಾದರೆ ನನಗೆ ಸುಲಭ. ಈ ಮನುಷ್ಯ ನಗುನಗುತ್ತ ಎರಡು ವಡೆ ತಿಂದು, ಚಟ್ನಿಯನ್ನು ಹೊಗಳಿ, ಕೈ ತೊಳೆದು ಬಂದು ಕೂತು ಶುರುಮಾಡಿದರು.

“ನೋಡಿ ಮೇಡಂ, ವರದಿ ನಿಮ್ಮದು. ನಾವು ಒಂದಕ್ಷರ ಮುಟ್ಟಲ್ಲ. ನೀವು ಸ್ವತಂತ್ರರು, ಅದಕ್ಕೇ ನಿಮಗೆ ಕೊಟ್ಟಿದ್ದು.” ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. “ಮುಂದಿನ ಸಾಲಿನ ಅನುದಾನದ ಫೈಲು ನನ್ನ ಟೇಬಲ್ ಮೇಲೇ ಇದೆ. ಅದನ್ನೂ ನಾನು ಮುಟ್ಟಿಲ್ಲ.”

ಎರಡು ವಾಕ್ಯಕ್ಕೂ ಸಂಬಂಧವೇ ಇಲ್ಲವೆಂಬಂತೆ ಹೇಳಿದರು. ಇದೇನು ಬೆದರಿಕೆಯಾ ಸಾರ್ ಎಂದು ನಾನು ನೇರವಾಗಿಯೇ ಕೇಳಿದೆ. ಛೆ ಛೆ ಎಂದು ನಕ್ಕರು. ನಮ್ಮ ಸಾರ್ ಕೈಕಟ್ಟಿಕೊಂಡು ಕಿಟಕಿಯ ಆಚೆ ನೋಡುತ್ತಿದ್ದರು. ಅವರ ಮೇಲೆ ಬಂದಷ್ಟು ಸಿಟ್ಟು ಸುಧಾಕರ್ ಮೇಲೂ ಬರಲಿಲ್ಲ.

ಮಾರ್ಚ್ ೫

ಸಾರ್ ಎಲ್ಲರನ್ನೂ ಹಾಲ್‌ಗೆ ಕರೆದರು. ಲ್ಯಾಬಿನವರು, ಆಫೀಸಿನವರು, ವಾಚ್‌ಮನ್, ಗುಡಿಸುವ ಹೆಂಗಸು, ಎಲ್ಲರನ್ನೂ. ಶ್ಯಾಮಲಾ ಬರೆದಿರುವ ವರದಿ ಹೇಗಿದೆಯೋ ಹಾಗೇ ಹೋಗುತ್ತದೆ, ಅನುದಾನ ನಿಂತರೆ ನಿಲ್ಲಲಿ ಎಂದರು.

“ಮುಚ್ಚಿದ ಊರಿದು. ಇನ್ನೊಂದು ಬಾಗಿಲು ಮುಚ್ಚುತ್ತೆ, ಅಷ್ಟೇ. ಸುಳ್ಳು ಹೇಳೋ ಕೇಂದ್ರಕ್ಕಿಂತ ಇಲ್ಲದ ಕೇಂದ್ರ ವಾಸಿ,” ಎಂದರು.

ಬಗ್ಗುತ್ತಾರೆಂದು ನಾನು ಅಂದುಕೊಂಡಿದ್ದು ಸುಳ್ಳಾಯಿತು. ಸಂತೋಷವಾಗಬೇಕಿತ್ತು. ವಾಚ್‌ಮನ್ ನನ್ನ ಕಡೆ ತಿರುಗಿ, ಅಂದರೆ ಏನು ಮೇಡಂ, ನಮ್ಮ ಕೆಲಸ ಹೋಯ್ತಾ ಎಂದು ಮೆಲ್ಲಗೆ ಕೇಳಿದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಸಾರ್ ಅವರನ್ನಲ್ಲ. ವರದಿ ಬರೆದವಳು ನಾನು ತಾನೆ.

ಉರಿಗಾಂ ಸ್ಟೇಷನ್ನಿನಲ್ಲಿ ಬಂಗಾರಪೇಟೆಯ ಟ್ರೈನಿಗೆ ಕಾಯುತ್ತ ಯೋಚಿಸಿದೆ. ಸಾರ್‌ಗೆ ಪಿಂಚಣಿ ಬರುತ್ತದೆ, ಮಗಳು ಹೊಸೂರಿನಲ್ಲಿ ಮನೆ ಕಟ್ಟಿಸಿದ್ದಾಳೆ. ಪಿಂಚಣಿ ಇರುವವರ ಶೌರ್ಯ. ಈ ಕೇಂದ್ರ ಹೋದರೆ ನಾಳೆ ಈ ದಿಬ್ಬಗಳ ಹತ್ತಿರ ಬಾಟಲಿ ಹಿಡಿದು ಹೋಗುವವರು ಯಾರು? ಆ ಯಂತ್ರ ತುಕ್ಕು ಹಿಡಿಯುತ್ತದೆ. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ.

ಮಾರ್ಚ್ ೧೧

ಬಿಸಿಲು. ತಲೆನೋವು. ವಾಚ್‌ಮನ್ ಗುಡ್ ಮಾರ್ನಿಂಗ್ ಹೇಳುವುದನ್ನು ಬಿಟ್ಟಿದ್ದಾನೆ.

ಮಾರ್ಚ್ ೧೮

ಮಾವಿಕುಂಟೆಯ ಹಾಲಿನ ಸೊಸೈಟಿ ಸೆಕ್ರೆಟರಿ ಮುನೇಶ್, ಜೊತೆಗೆ ನಾಲ್ಕೈದು ಜನ, ಬೈಕುಗಳಲ್ಲಿ ಬಂದಿಳಿದರು. ಚಿಕ್ಕವೆಂಕಟಮ್ಮ ಹಸು ಕಟ್ಟಿಕೊಂಡು ಪಾಕೀಟು ಹಾಲು ತರುತ್ತಾಳೆಂದು ಊರವರೆಲ್ಲ ಆಡಿಕೊಂಡು ನಕ್ಕರಂತೆ. ಯಾಕೆ ಎಂದು ಕೇಳಿದ್ದಕ್ಕೆ ಅವಳು ನನ್ನ ಹೆಸರು ಹೇಳಿದ್ದಾಳೆ. ಹಾಗೆ ಇವರಿಗೆ ಗೊತ್ತಾಯಿತು. ಇದು ನಾನು ನಿಯಮ ಮುರಿದು ಹೋಗಿ ಹೇಳಿದ್ದರ ಫಲ.

ಬೈಯುತ್ತಾರೆ ಎಂದುಕೊಂಡಿದ್ದೆ. ಮುನೇಶ್ ಬೈಯಲಿಲ್ಲ, ಕೈಮುಗಿದ.

“ಮೇಡಮ್ಮೋರೆ, ನಿಮ್ ವರದಿ ಪೇಪರ್‌ನಾಗೆ ಬಂದ್ರೆ ಮಾರ್ನೆ ದಿನವೇ ನಮ್ಮೂರ್ ಕ್ಯಾನು ವಾಪಸ್ ಬತ್ತೈತೆ. ಯಾವ್ ಡೈರಿನೂ ತಗೊಳಲ್ಲ. ದಿಬ್ಬದ ಕೆಳಗಿನ್ ಆರು ಮನೆ ಆಲಿಗೆ ಊರೆಲ್ಲಾ ಯಾಕ್ ಸಾಯ್ಬೇಕು, ನೀವೇ ಏಳಿ.”

ಅವನು ಕೇಳಿದ್ದರಲ್ಲಿ ತಪ್ಪೇನಿದೆ? ಮೇಲಿನ ಕೇರಿಯ ಹಾಲು ಚೆನ್ನಾಗಿಯೇ ಇದೆ. ಸರ್ಕಾರಕ್ಕೂ ಬೇಡ, ಊರಿಗೂ ಬೇಡ, ಕೇಂದ್ರದವರಿಗೂ ಬೇಡ. ನನ್ನ ಈ ಸತ್ಯ ಯಾರಿಗೆ ಬೇಕಾಗಿದೆ ಅಂತ ಸಿಟ್ಟೂ ಬಂತು, ಅಳುವೂ ಬಂತು.

ಟ್ರೈನಿನಲ್ಲಿ ಕೂತಿದ್ದಾಗ ಒಂದು ದಾರಿ ಹೊಳೆಯಿತು. ಇಲಾಖೆ ಕೇಳಿರುವುದು ‘ಮಾವಿಕುಂಟೆಯ ಹಾಲು’ ಅಂತ. ಊರಿನ ಹಾಲು ಎಂದರೆ ಯಾವುದು? ಬೆಳಗ್ಗೆ ಸಂಜೆ ಎಲ್ಲರ ಮನೆಯದೂ ಬಂದು ಸೊಸೈಟಿಯ ಕ್ಯಾನಿಗೆ ಬಿದ್ದು, ಲಾರಿ ಹತ್ತಿ ಹೋಗುತ್ತದಲ್ಲ, ಅದು. ಕ್ಯಾನಿನಿಂದ ತೆಗೆದು ನೋಡುವುದೂ ಒಪ್ಪಿತವಾದ ಕ್ರಮವೇ. ಎಷ್ಟೋ ಸಂಸ್ಥೆಗಳು ಹಾಗೇ ಮಾಡುತ್ತವೆ. ಬಹಳ ದಿನದ ಮೇಲೆ ಮನಸ್ಸು ಹಗುರವಾಯಿತು. ಬಂಗಾರಪೇಟೆಯಲ್ಲಿ ಇಳಿದು ಪಾನಿಪೂರಿ ತಿಂದೆ.

ಮಾರ್ಚ್ ೨೫

ಕ್ಯಾನಿನ ಹಾಲಿನಲ್ಲಿ ಸೀಸ ಮಿತಿಯೊಳಗಿದೆ. ಮೂರು ಸಲ ತೆಗೆದೆವು, ಮೂರು ಸಲವೂ. ಆರು ಮನೆಯ ಹಾಲು ಊರ ಹಾಲಿನ ಜೊತೆ ಬೆರೆತರೆ ಹೇಳುವಷ್ಟು ಏನೂ ಉಳಿಯುವುದಿಲ್ಲ. ಇದೂ ನಿಜವೇ. ಯಾರು ಬೇಕಾದರೂ ಪರೀಕ್ಷೆ ಮಾಡಿ ನೋಡಲಿ.

ಚಂದನ ಬಾಟಲಿ ತೊಳೆಯುತ್ತ, ತಿರುಗಿ ನೋಡದೆ, “ಲಿಖಿತ ಕ್ಯಾನಿಂದ ಕುಡಿಯಲ್ಲವಲ್ಲ ಮೇಡಂ,” ಎಂದಳು.

ಮನೆವಾರು ಅಂಕಿಗಳನ್ನು ನಾನೇನು ಹರಿದು ಬಿಸಾಕುತ್ತಿಲ್ಲ, ವರದಿಯ ಕೊನೆಗೆ ಅನುಬಂಧದಲ್ಲಿ ಇರುತ್ತವೆ, ಆರು ಮನೆಗೂ ನಾನೇ ಹೋಗಿ ಬಾಯಿಮಾತಿನಲ್ಲಿ ಹೇಳುತ್ತೇನೆ ಎಂದು ವಿವರಿಸಿದೆ. ಹೂಂ ಎಂದಳು. ಈ ಕಾಲದ ಹುಡುಗಿಯರ ಹೂಂ ನನಗೆ ಅರ್ಥವಾಗುವುದಿಲ್ಲ.

ಏಪ್ರಿಲ್ ೩

ಯುಗಾದಿಯ ಒಬ್ಬಟ್ಟು ಕಟ್ಟಿಕೊಂಡು ಸಾರ್ ಕೋಣೆಗೆ ಹೋದೆ. ಹೊಸ ಕರಡನ್ನೂ ಕೊಟ್ಟೆ. ನಿಧಾನವಾಗಿ ಓದಿದರು. ಅಂಕಿಗಳಲ್ಲಿ ತಪ್ಪು ಹುಡುಕುತ್ತಾರೇನೋ ಎಂದುಕೊಂಡೆ. ತಪ್ಪೇನೂ ಇಲ್ಲ ಎಂದರು. ಎರಡು ವರದಿಯೂ ಸರಿಯೇ, ಆದರೆ ಮೊದಲನೆಯದು ಯಾರು ಕುಡಿಯುತ್ತಾರೆ ಅಂತ ಕೇಳಿತ್ತು, ಇದು ಯಾರು ಕೊಳ್ಳುತ್ತಾರೆ ಅಂತ ಕೇಳುತ್ತಿದೆ ಎಂದರು. ಸಹಿ ಹಾಕುವುದಿಲ್ಲವಂತೆ.

ನನಗೆ ತಡೆಯಲಾಗಲಿಲ್ಲ. ಕಾರು ಬಂದಾಗಲೆಲ್ಲ ಪೋರ್ಟಿಕೋಗೆ ಓಡಿದವರು ನೀವು, ಈಗ ಇಷ್ಟು ಜನರ ಅನ್ನ ಹೋಗುವ ಹೊತ್ತಿಗೆ ನಿಮಗೆ ಛಲ ಬಂತಾ ಎಂದುಬಿಟ್ಟೆ. ಅಷ್ಟು ಜೋರಾಗಿ ಅವರ ಮುಂದೆ ಯಾವತ್ತೂ ಮಾತಾಡಿರಲಿಲ್ಲ.

“ಓಡ್ತಿದ್ದೆ ಕಣಮ್ಮ,” ಎಂದರು. “ನಾನು ಬಗ್ಗಿದರೆ ವರದಿ ಬಗ್ಗಬೇಕಾಗಲ್ಲ ಅಂದುಕೊಂಡಿದ್ದೆ.”

ಒಬ್ಬಟ್ಟಿನ ಡಬ್ಬಿಯನ್ನು ಮುಟ್ಟಲೂ ಇಲ್ಲ. ಅವರಿಗೆ ಭಾಷಣ ಮಾಡುವುದಕ್ಕೇನು, ಸುಲಭ.

ಏಪ್ರಿಲ್ ೯

ಸಾರ್ ಆರೋಗ್ಯದ ಕಾರಣ ಕೊಟ್ಟು ಹೊರಟುಹೋದರು. ಹಾರ ಹಾಕುವುದಕ್ಕೂ ಬಿಡಲಿಲ್ಲ. ನಾನೀಗ ಪ್ರಭಾರ ನಿರ್ದೇಶಕಿ. ಸುಧಾಕರ್ ಫೋನ್ ಮಾಡಿ ಅಭಿನಂದಿಸಿದರು. ಮುನೇಶ್ ಊರಿನಿಂದ ಒಂದು ಬುಟ್ಟಿ ಮಾವಿನಕಾಯಿ ಕಳಿಸಿದ್ದಾನೆ. ವಾಚ್‌ಮನ್ ಮತ್ತೆ ಗುಡ್ ಮಾರ್ನಿಂಗ್ ಹೇಳುತ್ತಿದ್ದಾನೆ.

ವರದಿಗೆ ಸಹಿ ಹಾಕಿದೆ. ‘ಗ್ರಾಮದ ಒಟ್ಟು ಹಾಲಿನಲ್ಲಿ ಲೋಹಾಂಶವು ನಿಗದಿತ ಮಿತಿಯೊಳಗಿದ್ದು, ಕೆಲವೆಡೆ ಸ್ಥಳೀಯ ವ್ಯತ್ಯಾಸಗಳು ಕಂಡುಬಂದಿವೆ.’ ವಾಕ್ಯ ಚೆನ್ನಾಗಿ ಬಂದಿದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಆರು ಮನೆಗಳಿಗೆ ಹೋಗಿ ಹೇಳಿಬರಬೇಕು. ಮುಂದಿನ ವಾರ.

ಮೇ ೨

ಅನುದಾನ ಮಂಜೂರಾಗಿದೆ. ಎಲ್ಲರಿಗೂ ಮೈಸೂರು ಪಾಕು ಹಂಚಿದೆವು. ಚಂದನ ಹಲ್ಲುನೋವು ಎಂದು ತಿನ್ನಲಿಲ್ಲ.

ಮೇ ೧೯

ಅನುಬಂಧ ಬಹಳ ಉದ್ದವಾಯಿತು, ಇಲಾಖೆ ಸಾರಾಂಶವನ್ನು ಮಾತ್ರ ಅಚ್ಚು ಹಾಕಿಸುತ್ತದೆ ಎಂದು ಸುಧಾಕರ್ ಹೇಳಿದರು. ಅದೇನೂ ತಪ್ಪಲ್ಲ. ಎಲ್ಲ ವರದಿಗಳೂ ಹಾಗೇ ಅಚ್ಚಾಗುವುದು. ಪೂರ್ತಿ ಪ್ರತಿ ಕೇಂದ್ರದ ಬೀರುವಿನಲ್ಲಿರುತ್ತದೆ, ಬೇಕಾದವರು ಬಂದು ನೋಡಬಹುದು. ಇನ್ನೊಂದು ವರ್ಷ ಕೇಂದ್ರ ಗಟ್ಟಿಯಾಗಿ ನಿಲ್ಲಲಿ, ಆ ಆರು ಮನೆಗೆಂದೇ ಬೇರೆ ಒಂದು ಅಧ್ಯಯನ ಮಾಡೋಣವೆಂದಿದ್ದೇನೆ. ಮೊದಲು ಕೇಂದ್ರ ಉಳಿಯಬೇಕಲ್ಲ.

ಚಂದನ ಸಂಜೆ ಕೋಣೆಗೆ ಬಂದು, ಆ ಮನೆಗಳವರಿಗೆ ಹೇಳಿದಿರಾ ಮೇಡಂ ಎಂದು ಮತ್ತೆ ಕೇಳಿದಳು. ಸಾರಾಂಶ ಬಿಡುಗಡೆಯಾಗುವವರೆಗೆ ಯಾರಿಗೂ ಏನೂ ಹೇಳುವಂತಿಲ್ಲ, ಅದು ಕೇಂದ್ರದ ನಿಯಮ, ನಿಯಮ ಓದಿಲ್ಲವಾ ಎಂದು ಗದರಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಚಿಕ್ಕವೆಂಕಟಮ್ಮನ ಹಸು ಗಬ್ಬವಾಗಿದೆ, ಹೇಗೂ ಹಾಲು ಬತ್ತಿಸಿದ್ದಾರೆ, ಅಷ್ಟು ಅವಸರವೇನಿದೆ? ಉಳಿದವರಿಗೆ ಹೇಳಿದರೆ ಮತ್ತೆ ಮುನೇಶ್ ಬೈಕು ಹತ್ತಿ ಬರುತ್ತಾನೆ.

ಮೇ ೩೦

ಚಂದನ ಕೆಲಸ ಬಿಟ್ಟಳು. ಹೊಸೂರಿನ ಯಾವುದೋ ಫ್ಯಾಕ್ಟರಿ ಲ್ಯಾಬಿನಲ್ಲಿ ಸೇರುತ್ತಾಳಂತೆ. ಔಷಧಿ ಕಂಪನಿಯಂತೆ. ಕಂಪನಿಯ ದುಡ್ಡು ತಿನ್ನುವುದಕ್ಕೆ ಹೋಗುವವಳು ನನಗೆ ನೀತಿ ಹೇಳಿ ಹೋಗುವ ಹಾಗೆ ಮುಖ ಮಾಡಿಕೊಂಡು ನಿಂತಿದ್ದಳು. ಪಾಪ, ಒಳ್ಳೆಯ ಕೆಲಸಗಾರ್ತಿ. ವ್ಯವಹಾರ ತಿಳಿಯದು.

ಜೂನ್ ೧೪

ಮಾವಿಕುಂಟೆಯ ಶಾಲೆಯ ಮುಂದೆ ಶಾಮಿಯಾನ ಹಾಕಿ ಸಾರಾಂಶದ ಬಿಡುಗಡೆ. ಗಾಳಿ ಜೋರಾಗಿತ್ತು. ದಿಬ್ಬದ ಪುಡಿ ಎದ್ದು ವೇದಿಕೆಯ ಬಿಳಿ ಬಟ್ಟೆಯೆಲ್ಲ ಬೂದಿಬಣ್ಣವಾಯಿತು. ನನಗೆ ಶಾಲು ಹೊದಿಸಿದರು. ನಮ್ಮ ಸರ್ಕಾರ ಸ್ವತಂತ್ರ ಸಂಸ್ಥೆಯೊಂದನ್ನು ಸಾಕಿ ಬೆಳೆಸಿದ್ದಕ್ಕೆ ಇವತ್ತು ಈ ಊರಿನ ಜನ ನೆಮ್ಮದಿಯಾಗಿದ್ದಾರೆ ಎಂದು ಸುಧಾಕರ್ ಮಾತಾಡಿದರು. ನಾನು ಬರೆದುಕೊಂಡು ಹೋಗಿದ್ದನ್ನು ಓದಿದೆ.

ಮುಗಿಯುವ ಹೊತ್ತಿಗೆ ಹೆಂಗಸರ ಸಾಲಿನಿಂದ ಚಿಕ್ಕವೆಂಕಟಮ್ಮ ಎದ್ದು ನಿಂತಳು. ಮಗು ಕಂಕುಳಲ್ಲಿತ್ತು. ಯಾರೋ ಕೂತ್ಕಳಮ್ಮಾ ಎಂದರು. ಅವಳು ಕೂರಲಿಲ್ಲ.

“ತಾಯಿ, ನಂಗೆ ಆ ಲೆಕ್ಕ ಎಲ್ಲ ತಿಳಿಯಾಕಿಲ್ಲ. ನಮ್ ಹಸು ಮುಂದಿನ್ ತಿಂಗ್ಳು ಈಯ್ತೈತೆ. ಆ ಆಲು ಮೊಗೀಗೆ ಕೊಡ್ಬೌದಾ, ಬ್ಯಾಡ್ವಾ? ಅದೊಂದ್ ಏಳ್ಬುಡಿ.”

ಮೈಕು ನನ್ನ ಮುಂದಿತ್ತು. ಮುನೇಶ್ ನನ್ನನ್ನು ನೋಡುತ್ತಿದ್ದ. ಸುಧಾಕರ್ ಗಡಿಯಾರ ನೋಡಿಕೊಳ್ಳುತ್ತಿದ್ದರು. ಮುಂದಿನ ಸಾಲಿನಲ್ಲಿ ಪೇಪರಿನವರಿದ್ದರು. ಒಂದು ಕ್ಷಣ ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ವರದಿಯ ಪ್ರಕಾರ ಊರಿನ ಹಾಲು ಮಿತಿಯೊಳಗಿದೆ ಅಮ್ಮ,” ಎಂದೆ.

ಮುನೇಶ್ ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ಚಿಕ್ಕವೆಂಕಟಮ್ಮ ಮಗುವಿನ ಎರಡು ಕೈಯನ್ನೂ ಹಿಡಿದು ತಟ್ಟಿಸಿದಳು.

ಜೂನ್ ೧೫

ನಾನು ಹೇಳಿದ್ದು ಊರಿನ ಹಾಲು ಅಂತ. ಅವಳ ಹಸುವಿನ ಹಾಲು ಅಂತ ಅಲ್ಲ. ಗಮನವಿಟ್ಟು ಕೇಳಿದ್ದರೆ ತಿಳಿಯುತ್ತಿತ್ತು.

ನಾನೇ ಒಮ್ಮೆ ಹೋಗಿ ಬಿಡಿಸಿ ಹೇಳಬೇಕು. ಈ ವಾರ ಆಗುವುದಿಲ್ಲ, ಬೆಂಗಳೂರಿನಲ್ಲಿ ಸಭೆಗಳಿವೆ.

ಜುಲೈ ೨

ಬೆಂಗಳೂರು. ಇನ್ನೂ ಎರಡು ಜಿಲ್ಲೆಗಳ ಹಾಲಿನ ಅಧ್ಯಯನವನ್ನು ನಮಗೇ ಕೊಡುವ ಮಾತಿದೆ. ನಮ್ಮ ಕ್ಯಾನಿನ ಕ್ರಮವನ್ನು ಎಲ್ಲ ಕಡೆ ಅನುಸರಿಸಬೇಕೆಂದು ಸುಧಾಕರ್ ಸಭೆಯಲ್ಲಿ ಹೊಗಳಿದರು. ‘ಶ್ಯಾಮಲಾ ಮೇಡಂ ಕ್ರಮ’ ಎಂದೇ ಅಂದರು. ನಾಚಿಕೆಯಾಯಿತು, ಖುಷಿಯೂ ಆಯಿತು. ಬೋರ್ಡನ್ನು ಹೊಸದಾಗಿ ಬರೆಸಬೇಕು. ಅಕ್ಷರಗಳೆಲ್ಲ ಒಂದೇ ಸಮ ಬರುವ ಹಾಗೆ ಕಂಪ್ಯೂಟರಿನಲ್ಲಿ ಮಾಡಿಸೋಣ.

ಜುಲೈ ೨೪

ಮಧ್ಯಾಹ್ನ ವಾಚ್‌ಮನ್ ಬಂದು ಯಾರೋ ಹಳ್ಳಿಯ ಅಜ್ಜಿ ಬಂದಿದ್ದಾರೆ, ಒಳಗೆ ಬಿಡಲಾ ಎಂದ. ಚಿಕ್ಕವೆಂಕಟಮ್ಮ. ಸೆರಗಿನಲ್ಲಿ ಸುತ್ತಿದ ಸ್ಟೀಲ್ ಡಬ್ಬಿ, ಪಕ್ಕದಲ್ಲಿ ಲಿಖಿತ. ಹಸು ಈದಿದೆಯಂತೆ, ಹೆಣ್ಣು ಕರುವಂತೆ. ಗಿಣ್ಣು ತಂದಿದ್ದಳು. ಮೊದಲ ಸಲದ ಹಾಲಿನ ಗಿಣ್ಣು, ಬೆಲ್ಲ ಏಲಕ್ಕಿ ಹಾಕಿ ಕಾಯಿಸಿದ್ದು. ಬಂಗಲೆಯ ಮೆಟ್ಟಿಲಿನವರೆಗೂ ಘಮ ಬರುತ್ತಿತ್ತು.

ಡಬ್ಬಿಯನ್ನು ನನ್ನ ಮೇಜಿನ ಮೇಲೆ ಫೈಲುಗಳ ನಡುವೆ ಇಟ್ಟು, ನಿಂತೇ ಮಾತಾಡಿದಳು. ಎಷ್ಟು ಹೇಳಿದರೂ ಕುರ್ಚಿಯಲ್ಲಿ ಕೂರಲಿಲ್ಲ.

“ಮದ್ಲು ಕೊಡಬ್ಯಾಡಿ ಅಂದೋರೂ ನೀವೇ, ಈಗ ಸರಿಯೈತೆ ಅಂದೋರೂ ನೀವೇ. ಬ್ಯಾರೆ ಯಾರೇಳಿದ್ರೂ ನಾನ್ ನಂಬ್ತಿರ್ಲಿಲ್ಲ ತಾಯಿ. ನಿಮ್ ಆಪೀಸ್ ಉಡ್ಗಿ ಐತಲ್ಲ, ಚಂದನ, ಓದ್ ತಿಂಗ್ಳು ಬಂದು ಬ್ಯಾಡ ಅಜ್ಜಿ, ಕೊಡಬ್ಯಾಡ ಅಂತ ಕಾಲ್ ಇಡ್ಕಂಡ್ಳು. ಬೈದು ಕಳ್ಸ್‌ದೆ. ನಮ್ಮೇಡಮ್ಮೋರೇ ಮೈಕ್‌ನಾಗೆ ಏಳವ್ರೆ, ನೀನ್ಯಾವಳೇ ಅಂದೆ.”

ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. ಪಾಕೀಟು ಹಾಲನ್ನು ಬಿಟ್ಟಿದ್ದಾಳಂತೆ. ನಾಳೆಯಿಂದ ಎರಡು ಹೊತ್ತೂ ಮಗುವಿಗೆ ಕೊಟ್ಟು ಮಿಕ್ಕದ್ದನ್ನು ಡೈರಿಗೆ ಹಾಕುತ್ತಾಳಂತೆ. ಇಷ್ಟು ತಿಂಗಳು ಕುಡಿಸದೆ ಮಗು ಸೊರಗಿಹೋಯಿತು ಎಂದು ಅದರ ತಲೆ ಸವರಿದಳು. ಮಗುವಿನ ತುಟಿಯ ಸುತ್ತ ಗಿಣ್ಣು ಒಣಗಿತ್ತು. ನನ್ನನ್ನು ನೋಡಿ ಡಬ್ಬಿಯ ಕಡೆ ಬೆರಳು ಮಾಡಿ, “ಸೀ,” ಎಂದಿತು.

ಈಗಲಾದರೂ ಹೇಳಬೇಕಿತ್ತು. ಕೋಣೆಯಲ್ಲಿ ಸುಧಾಕರ್ ಇರಲಿಲ್ಲ, ಮುನೇಶ್ ಇರಲಿಲ್ಲ, ಮೈಕೂ ಇರಲಿಲ್ಲ. ಬೇಡ ಎಂದರೆ ಅವತ್ತು ಮೈಕಿನಲ್ಲಿ ಹೇಳಿದ್ದು ಏನು ಎಂದು ಕೇಳುತ್ತಾಳೆ. ಆಮೇಲೆ ಊರಿಗೆ ಹೋಗಿ ಹೇಳುತ್ತಾಳೆ. ಎರಡು ಜಿಲ್ಲೆಗಳ ಫೈಲು ಇನ್ನೂ ಸಹಿಯಾಗಿಲ್ಲ. ಇಷ್ಟೆಲ್ಲ ನನ್ನ ತಲೆಯಲ್ಲಿ ಓಡಿತು. ಓಡಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೂ ಬಾಯಿಂದ ಬಂದದ್ದು ಬೇರೆ. ಮಗುವಿಗೆ ಜಾಸ್ತಿ ಕೊಡಬೇಡಿ ಅಮ್ಮ, ಗಿಣ್ಣು ಬೇಗ ಅರಗುವುದಿಲ್ಲ ಎಂದೆ.

“ಈ ವಯಸ್ನಾಗೆ ಕಲ್ ತಿಂದ್ರೂ ಅರಗ್ತೈತೆ ಬುಡಿ,” ಎಂದು ಮಗುವನ್ನು ಎತ್ತಿಕೊಂಡು ಹೊರಟಳು. ಡಬ್ಬಿ ನಿಧಾನವಾಗಿ ಕೊಟ್ಟರಾಯಿತು ಎಂದಳು. ಗೇಟಿನ ಹತ್ತಿರ ಮಗು ತಿರುಗಿ ಕೈ ಬೀಸಿತು. ನಾನೂ ಬೀಸಿದೆ.

ಡಬ್ಬಿಯನ್ನು ಮನೆಗೆ ತಂದೆ. ಆಫೀಸಿನಲ್ಲಿ ಬಿಟ್ಟಿದ್ದರೆ ಯಾರಾದರೂ ತಿಂದುಬಿಡುತ್ತಿದ್ದರು. ವೇಣು ವಾಸನೆ ಹಿಡಿದು ಚಮಚ ತೆಗೆದುಕೊಂಡು ಬಂದ. ಅವನ ಕೈಯಿಂದ ಕಿತ್ತುಕೊಂಡು ಅಷ್ಟನ್ನೂ ಸಿಂಕಿಗೆ ಸುರಿದು ನಲ್ಲಿ ಬಿಟ್ಟೆ. ಗಟ್ಟಿಯಾಗಿದ್ದರಿಂದ ಬೇಗ ಇಳಿಯಲಿಲ್ಲ, ಬೆರಳಿನಿಂದ ಮುರಿದು ಮುರಿದು ತಳ್ಳಬೇಕಾಯಿತು. ಹಳಸಿದೆ ಎಂದು ಅವನಿಗೆ ಹೇಳಿದೆ. ಅವನು ನಂಬಿದ.

ಡಬ್ಬಿಯನ್ನು ತೊಳೆದು ಒರೆಸಿಟ್ಟಿದ್ದೇನೆ. ಗಿಣ್ಣು ಕೊಟ್ಟವರ ಪಾತ್ರೆಯನ್ನು ಬರಿದಾಗಿ ಕಳಿಸಬಾರದಲ್ಲ, ಒಂದು ಹಿಡಿ ಅಕ್ಕಿ, ಒಂದು ಅಚ್ಚು ಬೆಲ್ಲ ಹಾಕಿದೆ. ನಾಳೆ ವಾಚ್‌ಮನ್ ಕೈಯಲ್ಲಿ ಮಾವಿಕುಂಟೆಗೆ ಕಳಿಸಬೇಕು. ನಾನೇ ಹೋದರೆ ಒಳಗೆ ಕರೆದು ಕೂರಿಸಿ ಟೀ ಕಾಯಿಸುತ್ತಾಳೆ.